ಕೆಸರು ನೀರನ್ನು ಆಕಾಶದಿಂದ ನೋಡಿದರೆ

ಮೊನ್ನೆ ಭಾನುವಾರ ಮಲ್ಪೆಯಲ್ಲಿ ಮಾಮನ ಮನೆಗೆ ಹೋಗಿದ್ದೆ. ಮೊಬೈಲಿನಲ್ಲಿ ನಮ್ಮ ಕರಾವಳಿಯ ಉಪಗ್ರಹ ನಕ್ಷೆ ತೋರಿಸಿದೆ. ತೀರದುದ್ದಕ್ಕೂ ಕಡುಕೆಂಪು. ಆ ನಕ್ಷೆಯಲ್ಲಿ ಕೆಂಪು ಎಂದರೆ ಕ್ಲೋರೊಫಿಲ್ ಜಾಸ್ತಿ. ಅಂದರೆ ನೀರಿನಲ್ಲಿ ಪಾಚಿ ಜಾಸ್ತಿ, ಮೀನಿಗೆ ಮೇವು ಜಾಸ್ತಿ. ಮಾಮ ಮೂವತ್ತು ವರ್ಷ ಮೀನಿನ ಬೋಟಿನಲ್ಲಿ ತಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ ಆಗಿದ್ದವರು. ಕನ್ನಡಕ ಸರಿಮಾಡಿಕೊಂಡು ನೋಡಿದರು. ಅಳಿವೆ ಬಾಗಿಲಿನ ಹತ್ತಿರ ಬೆರಳಿಟ್ಟು, "ಇದು ಮೇವಲ್ಲ ಮಗಾ, ಇದು ಹೊಳೆ ನೀರು" ಅಂದರು.

ಅವರು ಹೇಳಿದ್ದು ಸರಿ. ಆ ಹೊಳೆ ನೀರನ್ನು ನಾನು ಕೈಯಾರೆ ಸೋಸಿದ್ದೇನೆ.

ಓದುವಾಗ ಪ್ರಾಜೆಕ್ಟಿಗೆಂದು ಒಂದು ವರ್ಷ ಮಂಗಳೂರಿನ ಅಳಿವೆಯಲ್ಲಿ ನೀರು ತೆಗೆದಿದ್ದೆವು. ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಕಡಲಿಗೆ ಬೀಳುವ ಜಾಗ. ಬೆಂಗ್ರೆ ಕಡೆಯಿಂದ ಸಣ್ಣ ದೋಣಿ. ಮಳೆ ಜೋರಿರುವಾಗ ಅಳಿವೆಗೆ ಹೋಗುವಂತಿಲ್ಲ, ಒಳಗೆ ಹೊಳೆಯಲ್ಲೇ ಅಳೆಯಬೇಕು. ಕೈಯಲ್ಲಿ ಒಂದು ಬಿಳಿ ತಟ್ಟೆ, ಅದಕ್ಕೆ ಗುರುತು ಹಾಕಿದ ಹಗ್ಗ. ಇಟಲಿಯ ಆಂಜೆಲೊ ಸೆಕ್ಕಿ ಎಂಬ ಪಾದ್ರಿ 1865ರಲ್ಲಿ ಹಡಗಿನಿಂದ ಇಂಥದೇ ತಟ್ಟೆ ಇಳಿಸಿ ನೋಡಿದ್ದರು. ಇವತ್ತಿಗೂ ಅದಕ್ಕೆ ಅವರದೇ ಹೆಸರು. ತಟ್ಟೆ ಕಣ್ಣಿಗೆ ಕಾಣದಾಗುವ ಆಳವನ್ನು ಬರೆದುಕೊಳ್ಳುವುದು, ಅಷ್ಟೇ ಕೆಲಸ. ಮಳೆಗಾಲದಲ್ಲಿ ಒಂದು ಮೊಳ ಇಳಿಯುವ ಮೊದಲೇ ಮಾಯ. ಬೇಸಗೆಯಲ್ಲಿ ಒಂದಾಳು ಆಳದವರೆಗೂ ಬೆಳ್ಳಗೆ ಕಾಣುತ್ತಿತ್ತು.

ಆಮೇಲೆ ಲ್ಯಾಬಿನಲ್ಲಿ ಸೋಸುವುದು. ಕಾಗದದ ಮೇಲೆ ಕೆಂಪು ಮಣ್ಣಿನ ಪದರ ನಿಲ್ಲುತ್ತದೆ, ಅದರೊಳಗೆ ಚೂರು ಹಸಿರು. ನನ್ನ ಕಣ್ಣು ತೆರೆಸಿದ್ದು ಕಾಗದ ದಾಟಿ ಕೆಳಗೆ ಬಿದ್ದ ನೀರು. ಲೋಟದಲ್ಲಿ ನೋಡಿದರೆ ಪೂರಾ ತಿಳಿ. ಉದ್ದದ ಗಾಜಿನ ಕೊಳವೆಗೆ ತುಂಬಿ, ಬಿಳಿ ಹಾಳೆಯ ಮೇಲೆ ನಿಲ್ಲಿಸಿ ಮೇಲಿಂದ ಇಣುಕಿದರೆ ಮಾತ್ರ ತೆಳು ಚಹಾದ ಬಣ್ಣ. ಘಟ್ಟದ ಕಾಡಿನಲ್ಲಿ ಕೊಳೆತ ತರಗೆಲೆಯ ರಸ ಅದು. ಮಣ್ಣು, ಪಾಚಿ ಎಲ್ಲ ತೆಗೆದ ಮೇಲೂ ನೀರಿನಲ್ಲೇ ಉಳಿದುಬಿಡುತ್ತದೆ.

ಉಪಗ್ರಹ ಎಡವುವುದು ಇಲ್ಲೇ. ಪಾಚಿ ನೀಲಿ ಬೆಳಕನ್ನು ಹೀರುತ್ತದೆ. ಹಾಗಾಗಿ ನೀಲಿ ಎಷ್ಟು, ಹಸಿರು ಎಷ್ಟು ಎಂದು ಹೋಲಿಸಿ ಪಾಚಿಯ ಲೆಕ್ಕ ಹಾಕುತ್ತಾರೆ. ಆಳ ಸಮುದ್ರದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. 1921ರಲ್ಲಿ ಸಿ.ವಿ. ರಾಮನ್ ಹಡಗಿನಲ್ಲಿ ಬರುತ್ತಾ ನೋಡಿದ್ದು ಆ ನೀಲಿಯನ್ನೇ. ನೀರಿನ ಅಣುಗಳೇ ಬೆಳಕನ್ನು ಚದುರಿಸುವುದರಿಂದ ಆ ಬಣ್ಣ ಎಂದು ಅವರು ತೋರಿಸಿಕೊಟ್ಟರು. ಆದರೆ ಅಳಿವೆಯಲ್ಲಿ ತರಗೆಲೆಯ ರಸವೂ ನೀಲಿಯನ್ನು ಹೀರುತ್ತದೆ. ಉಪಗ್ರಹದ ಲೆಕ್ಕ ಅದನ್ನೂ ಪಾಚಿ ಎಂದೇ ಬರೆದುಕೊಳ್ಳುತ್ತದೆ.

ಇನ್ನೊಂದು ತೊಂದರೆ ಗಾಳಿಯದು, ಅಂದರೆ ನಡುವಿನ ವಾತಾವರಣದ್ದು. ಉಪಗ್ರಹಕ್ಕೆ ತಲುಪುವ ಬೆಳಕಿನಲ್ಲಿ ನೂರಕ್ಕೆ ಸುಮಾರು 90 ಪಾಲು ಗಾಳಿಯಿಂದಲೇ ಬಂದದ್ದು. ನೀರಿನ ಒಳಗಿನಿಂದ ಬರುವುದು ಉಳಿದ ಚೂರು. ಗಾಳಿಯ ಪಾಲನ್ನು ಕಳೆಯಲು ಒಂದು ಉಪಾಯ ಇದೆ. ನಮ್ಮ ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕಿನಲ್ಲಿ ತಿಳಿ ಸಮುದ್ರ ಕಪ್ಪಗಿರುತ್ತದೆ. ಅಲ್ಲಿ ಏನಾದರೂ ಹೊಳೆದರೆ ಅದು ಗಾಳಿಯದು ಎಂದು ಹಿಡಿಯುತ್ತಾರೆ. ಕೆಸರು ನೀರು ಅಲ್ಲೂ ಹೊಳೆಯುತ್ತದೆ, ಮಾರಾಯ್ರೆ. ಆಗ ಗಾಳಿಯ ಹೆಸರಿನಲ್ಲಿ ನೀರಿನ ಬೆಳಕನ್ನೂ ಕಳೆದುಬಿಡುತ್ತಾರೆ. ನೀಲಿ ಬೆಳಕಿನ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗಿ ಕೂತದ್ದನ್ನು ನಾನೇ ನೋಡಿದ್ದೇನೆ.

ಪಾಚಿ ನಿಜವಾಗಿ ಇದ್ದರೂ ಯಾವ ಪಾಚಿ ಎಂದು ಗೊತ್ತಾಗಬೇಕು ಅಲ್ವಾ? 2020ರ ಕೊನೆಯಲ್ಲಿ ನಮ್ಮ ಉಡುಪಿ ಕಡೆ ರಾತ್ರಿ ತೆರೆ ಒಡೆದಲ್ಲೆಲ್ಲ ನೀಲಿ ಬೆಳಕು ಕಂಡಿತ್ತು, ನೆನಪಿದೆಯಾ? ಎಲ್ಲರೂ ವಿಡಿಯೊ ಹಾಕಿದ್ದರು. ನಾಕ್ಟಿಲೂಕಾ ಎಂಬ ಜೀವಿ ಅದು. ಅರಬ್ಬೀ ಸಮುದ್ರದಲ್ಲಿ ಇದರ ಹಸಿರು ಜಾತಿ ಹೊಟ್ಟೆಯೊಳಗೇ ಪಾಚಿ ಸಾಕಿಕೊಂಡಿರುತ್ತದೆ. ಉಪಗ್ರಹಕ್ಕೆ ಅದೂ ಕ್ಲೋರೊಫಿಲ್ಲೇ. ಬೂತಾಯಿ ಮೀನಿಗೆ ಒಳ್ಳೆಯ ಮೇವು ಡಯಾಟಮ್ ಎಂಬ ಪಾಚಿ. ನಾಕ್ಟಿಲೂಕಾ ತುಂಬಿದ ನೀರಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ಹೆಚ್ಚಾಗಿ ಜೆಲ್ಲಿಮೀನಿನಂಥವು. ಹಸಿರು ಕಂಡಲ್ಲೆಲ್ಲ ಮೀನಿಲ್ಲ.

ಇದಕ್ಕೆ ದಾರಿ ಇದೆ, ನನಗೆ ಬಹಳ ಇಷ್ಟವಾದ ದಾರಿ. ನೀರಿನ ಹರಿವು, ಪೋಷಕಾಂಶ, ಬಿಸಿಲು, ಪಾಚಿಯ ಬೆಳವಣಿಗೆ, ಅದನ್ನು ತಿನ್ನುವ ಸಣ್ಣ ಜೀವಿಗಳು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮಾಡೆಲ್ ಮಾಡುವುದು. ಇಷ್ಟು ಮಣ್ಣು, ಇಷ್ಟು ಪಾಚಿ, ಇಷ್ಟು ಎಲೆರಸ ಇದ್ದರೆ ನೀರು ಮೇಲಿಂದ ಯಾವ ಬಣ್ಣ ಕಾಣಬೇಕು ಎಂದು ಆ ಮಾಡೆಲ್ಲೇ ಲೆಕ್ಕ ಹಾಕುತ್ತದೆ. ಆಮೇಲೆ ಆ ಬಣ್ಣವನ್ನು ಉಪಗ್ರಹ ಕಂಡ ಬಣ್ಣದ ಪಕ್ಕ ಇಟ್ಟು ನೋಡುವುದು. ಬಣ್ಣಕ್ಕೆ ಬಣ್ಣ. ಆಸ್ಟ್ರೇಲಿಯಾದವರು ಗ್ರೇಟ್ ಬ್ಯಾರಿಯರ್ ರೀಫಿಗೆ ಇ-ರೀಫ್ಸ್ ಎಂಬ ಮಾಡೆಲಿನಲ್ಲಿ ಹೀಗೆ ಮಾಡಿದ್ದಾರೆ. ನಮಗೆ ಇದು ಇನ್ನೂ ಜಾಸ್ತಿ ಬೇಕು. ಮಳೆಗಾಲದಲ್ಲೇ ಕಡಲಿನ ತಳದ ತಣ್ಣನೆ ನೀರು ಮೇಲೆದ್ದು ಮೇವು ಹುಟ್ಟುವುದು. ಆಗಲೇ ತಿಂಗಳುಗಟ್ಟಲೆ ಮೋಡ, ಉಪಗ್ರಹಕ್ಕೆ ಕಡಲೇ ಕಾಣುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಬೋಟುಗಳು ದಕ್ಕೆಯಲ್ಲಿ ನಿಂತಿರುತ್ತವೆ. ಆ ದಿನಗಳಲ್ಲಿ ಕಡಲೊಳಗೆ ಏನಾಯಿತು ಎಂದು ಮಾಡೆಲ್ ಹೇಳಬಲ್ಲದು.

ಆದರೆ ಮಾಡೆಲಿಗೆ ನಮ್ಮ ನೀರಿನದೇ ಲೆಕ್ಕ ಕೊಡಬೇಕು. ನೇತ್ರಾವತಿಯ ಎಲೆರಸ ಎಷ್ಟು ನೀಲಿ ಹೀರುತ್ತದೆ, ನಮ್ಮ ಕೆಂಪು ಮಣ್ಣು ಎಷ್ಟು ಬೆಳಕು ಚದುರಿಸುತ್ತದೆ ಎಂಬುದನ್ನು ಇಲ್ಲೇ ಅಳೆಯಬೇಕು. ಮೇಲಿನ ಕ್ಯಾಮೆರಾಗಳು ಒಳ್ಳೆಯದಾಗುತ್ತಲೇ ಇವೆ. 2022ರ ನವೆಂಬರ್ 26ರಂದು ಇಸ್ರೊ ಹಾರಿಸಿದ ಓಶನ್‌ಸ್ಯಾಟ್-3 ಬೆಳಕನ್ನು 13 ಪಟ್ಟಿಗಳಾಗಿ ಬಿಡಿಸಿ ನೋಡುತ್ತದೆ. ಹೈದರಾಬಾದಿನಲ್ಲಿರುವ, ಕಡಲಿನ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್‌ನವರು ಕಡಲಿನ ಬಿಸಿ ಮತ್ತು ಕ್ಲೋರೊಫಿಲ್ ನೋಡಿ, ಮೀನು ಸಿಗಬಹುದಾದ ಜಾಗವನ್ನು ಮೀನುಗಾರರಿಗೆ ತಿಳಿಸುತ್ತಾರೆ. ನಾವು ಕೆಳಗಿನಿಂದ ಏನು ಕೊಡುತ್ತಿದ್ದೇವೆ?

ನಮ್ಮ ಆ ಒಂದು ವರ್ಷದ ಅಳತೆ ರಿಪೋರ್ಟಾಗಿ, ಬೈಂಡಾಗಿ, ಕಪಾಟು ಸೇರಿತು. ಅದೇ ದಿನ ಉಪಗ್ರಹ ಏನು ಕಂಡಿತ್ತು ಎಂದು ಯಾರೂ ಪಕ್ಕದಲ್ಲಿಟ್ಟು ನೋಡಲಿಲ್ಲ. ಇದು ನನಗೆ ಇವತ್ತಿಗೂ ಸಂಕಟ. 1969ರಿಂದ ಮೀನುಗಾರಿಕಾ ಕಾಲೇಜು ಇರುವ ಊರು ನಮ್ಮ ಮಂಗಳೂರು, ದೇಶಕ್ಕೇ ಮೊದಲನೆಯದು. ಈ ತೀರದಲ್ಲಿ ವರ್ಷವರ್ಷ ಎಷ್ಟು ಮಕ್ಕಳು ನೀರು ಅಳೆದಿರಬೇಕು! ದಿನಾಂಕ, ಸಮಯ, ಜಾಗ, ಅಳತೆ ಇಷ್ಟನ್ನು ಎಲ್ಲರಿಗೂ ಸಿಗುವ ಹಾಗೆ ಹಾಕಿದರೆ ಸಾಕು. ತಂಡೇಲರನ್ನೂ ಸೇರಿಸಿಕೊಳ್ಳಬೇಕು. ಬೋಟಿನಲ್ಲಿ ಜಿಪಿಎಸ್ ಇದೆ, ಕಿಸೆಯಲ್ಲಿ ಮೊಬೈಲ್ ಇದೆ. ನೀರಿನ ಬಣ್ಣ ಓದುವ ಕಣ್ಣು ಮೊದಲೇ ಇದೆ.

ಮಾಮ ಒಂದು ಹಳೆಯ ಡ್ರಮ್ಮಿನ ಮುಚ್ಚಳಕ್ಕೆ ಬಿಳಿ ಪೇಂಟ್ ಬಳಿದು, ನಡುವೆ ತೂತು ಕೊರೆದು ಬಲೆಯ ಹಗ್ಗ ಕಟ್ಟಿದ್ದಾರೆ. ಮುಂದಿನ ಭಾನುವಾರ ಮಧ್ಯಾಹ್ನ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದ ಕಡೆ ಹೊರಡುತ್ತೇವೆ. ನಿಮ್ಮಲ್ಲಿ ಯಾರ ಕಪಾಟಿನಲ್ಲಾದರೂ ಮಂಗಳೂರು, ಉಡುಪಿ ತೀರದ ನೀರಿನ ಹಳೆಯ ಅಳತೆ ಇದ್ದರೆ ಫೋಟೊ ತೆಗೆದು ಮೆಸೇಜ್ ಮಾಡಿ. ಟೈಪ್ ಮಾಡುವ ಕೆಲಸ ನನ್ನದು.