ದೊಡ್ಡಪ್ಪನ ಕಾಫಿ ರೇಟು 2016

ನಮ್ಮ ದೊಡ್ಡಪ್ಪನಿಗೆ ಆಲ್ದೂರಿನ ಹತ್ತಿರ ಕಾಫಿ ತೋಟ. ನನಗೆ ಚಿಕ್ಕಮಗಳೂರು ಪೇಟೆಯಲ್ಲಿ, ಮನೆಯಲ್ಲೇ ಕೂತು ಮಾಡುವ ಸಾಫ್ಟ್‌ವೇರ್ ಕೆಲಸ. ಅವರ ಲೆಕ್ಕದಲ್ಲಿ ನಾನು 'ಕಂಪ್ಯೂಟರ್ ಗೊತ್ತಿರೋಳು'. ಹಾಗಾಗಿ ಮೊಬೈಲ್ ಹ್ಯಾಂಗ್ ಆದರೂ, ಟಿವಿ ರಿಮೋಟು ಕೈಕೊಟ್ಟರೂ, ಮಿಕ್ಸಿ ತಿರುಗದಿದ್ದರೂ ಫೋನು ನನಗೇ ಬರುತ್ತದೆ.

ಮಾರ್ಚಿನಲ್ಲಿ ಬಂದ ಫೋನು ಮಾತ್ರ ಸ್ವಲ್ಪ ಮರ್ಯಾದೆಯ ಕೆಲಸದ್ದು. ಅವರು ಕಾಫಿ ಹಾಕುವ ವ್ಯಾಪಾರಿಯ ವೆಬ್‌ಸೈಟಿನಲ್ಲಿ ದಿನದ ರೇಟು ಬರುತ್ತದೆ, ಆದರೆ ಲಾಗಿನ್ ಆದವರಿಗೆ ಮಾತ್ರ. ದೊಡ್ಡಪ್ಪ ಕನ್ನಡಕ ಹುಡುಕಿ, ಪಾಸ್‌ವರ್ಡ್ ಬರೆದಿಟ್ಟ ಡೈರಿ ಹುಡುಕಿ, ಒಂದೊಂದೇ ಅಕ್ಷರ ಒತ್ತುವಷ್ಟರಲ್ಲಿ ಸಿಗ್ನಲ್ ಹೋಗಿರುತ್ತದೆ. "ಏ ಪುಟ್ಟಿ, ಅದು ತಾನಾಗೇ ನನ್ನ ಮೊಬೈಲಿಗೆ ಬರೋ ಹಂಗೆ ಮಾಡೋಕಾಗಲ್ವೇನೇ?" ಅಂದರು.

ಆಗದೇ ಏನು! ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಲವತ್ತು ಸಾಲಿನ ಸ್ಕ್ರಿಪ್ಟು. ಅವರದೇ ಲಾಗಿನ್ನಿನಲ್ಲಿ ಒಳಗೆ ಹೋಗು, ಪುಟ ತಾ, ಅದರಲ್ಲಿ ನಾಲ್ಕೋ ಐದೋ ಅಂಕಿಯ ಸಂಖ್ಯೆ ಹುಡುಕು, ಹಿಂದಿನ ಸಲಕ್ಕಿಂತ ಬೇರೆ ಇದ್ದರೆ ಮೆಸೇಜು ಕಳಿಸು. ಅರ್ಧ ಗಂಟೆಗೊಮ್ಮೆ ಇಷ್ಟೇ ಕೆಲಸ. ಸಂಜೆ ಕೂತು ಹತ್ತು ಸಲ ಓಡಿಸಿ ನೋಡಿದೆ, ಹತ್ತೂ ಸಲ ಸರಿಯಾಗಿತ್ತು. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಬೀಜ), 50 ಕೆಜಿ ಮೂಟೆಗೆ ಇಪ್ಪತ್ತೈದು ಸಾವಿರದ ಮೇಲೆ ಚಿಲ್ಲರೆ. ದೊಡ್ಡಪ್ಪನಿಂದ "ಭೇಷ್" ಅಂತ ಉತ್ತರ ಬಂತು. ನಾನು ಅಕ್ಕಿ ರೊಟ್ಟಿ ತಟ್ಟಲು ಎದ್ದೆ.

ಅರ್ಧ ಗಂಟೆಗೆ ಸರಿಯಾಗಿ ಅವರಿಗೆ ಎರಡನೇ ಮೆಸೇಜು ಹೋಯಿತು. 'ಇವತ್ತಿನ ರೇಟು: 2016.'

ಹಿಟ್ಟಿನ ಕೈಯಲ್ಲೇ ಫೋನು ಎತ್ತಿದೆ. "ಪುಟ್ಟಿ, ಇದೇನೇ? ಮೂಟೆಗೆ ಎರಡು ಸಾವಿರದ ಹದಿನಾರು ರೂಪಾಯಾ?" ಯಾರೋ ಹೋಗಿಬಿಟ್ಟ ಸುದ್ದಿ ಕೇಳಿದವರ ದನಿ. ಇನ್ನೂ ಸ್ವಲ್ಪ ಏರಲಿ ಅಂತ ಮಾರದೆ ಇಟ್ಟ ಎಂಬತ್ತು ಮೂಟೆ ಗೋಡೌನಿನಲ್ಲಿತ್ತು. ನನಗೆ ಫೋನು ಮಾಡುವ ಮೊದಲೇ ಪಕ್ಕದ ತೋಟದವರಿಗೆ ಮಾಡಿದ್ದರು, ಅವರು ಇನ್ನಿಬ್ಬರಿಗೆ ಮಾಡಿಯಾಗಿತ್ತು.

ನೋಡಿದರೆ ಆ ಸೈಟಿನ ಲಾಗಿನ್ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ 'ಕಾಪಿರೈಟ್ 2016' ಅಂತಿತ್ತು. ನನ್ನ ಸೆಷನ್, ಅಂದರೆ ಒಮ್ಮೆ ಲಾಗಿನ್ ಆದಮೇಲೆ ಒಳಗಿರಲು ಸಿಗುವ ಅವಧಿ, ಮುಗಿದಿತ್ತು. ಸರ್ವರ್, ಅಂದರೆ ಆ ಸೈಟು ನಡೆಸುವ ಕಂಪ್ಯೂಟರ್, ನನ್ನನ್ನು ಲಾಗಿನ್ ಪುಟಕ್ಕೆ ತಳ್ಳಿತ್ತು. ನನ್ನ ಸ್ಕ್ರಿಪ್ಟು ಅಲ್ಲಿ ಸಿಕ್ಕಿದ ನಾಲ್ಕಂಕಿಯನ್ನು ಹೆಕ್ಕಿಕೊಂಡು ಬಂದಿತ್ತು.

ಸರ್ವರಿನದೂ ಒಂಥರಾ ನಯವಂಚನೆ ಅನ್ನಿ. ನೇರವಾಗಿ 401 ಅನ್ನೋ ಉತ್ತರದ ಕೋಡ್ ಕೊಟ್ಟಿದ್ದರೆ, ಅಂದರೆ 'ನೀನ್ಯಾರು ಅಂತ ಗೊತ್ತಿಲ್ಲ, ನಡಿ ಆಚೆ' ಅಂದಿದ್ದರೆ ನನಗೆ ತಿಳಿಯುತ್ತಿತ್ತು. ಅದು 302 ಅಂತ ಬೇರೆ ದಾರಿ ತೋರಿಸಿತು, ಪೈಥಾನ್ ಹೇಳದೆ ಕೇಳದೆ ಆ ದಾರಿ ಹಿಡಿಯಿತು, ಕೊನೆಗೆ ಸರ್ವರ್ ಲಾಗಿನ್ ಪುಟ ಕೈಗಿಟ್ಟು 200 ಅಂದಿತು. ಅಂದರೆ ಎಲ್ಲಾ ಸರಿಯಾಗಿದೆ ಅಂತ!

ಹಾಗಾದರೆ ಸಂಜೆ ಹತ್ತು ಸಲ ಹೇಗೆ ಸರಿಬಂತು? ಆ ಸೈಟು ಪಿಎಚ್‌ಪಿ ಅನ್ನೋ ಭಾಷೆಯಲ್ಲಿ ಬರೆದದ್ದು. ಅದರ ಸೆಟ್ಟಿಂಗಿಗೆ ಯಾರೂ ಕೈ ಹಾಕದಿದ್ದರೆ ಸೆಷನ್ನಿನ ಆಯಸ್ಸು 1440 ಸೆಕೆಂಡು, ಇಪ್ಪತ್ನಾಲ್ಕು ನಿಮಿಷ. ಅಷ್ಟು ಹೊತ್ತು ಸುಮ್ನೆ ಕೂತರೆ ನಮ್ಮನ್ನು ಗುಡಿಸಿ ಹಾಕಬಹುದು. ನಾನು ಪರೀಕ್ಷೆ ಮಾಡಿದ್ದು ನಿಮಿಷಕ್ಕೊಂದು ಸಲ. ಓಡಿಸಿದ್ದು ಮೂವತ್ತು ನಿಮಿಷಕ್ಕೊಂದು ಸಲ. ಆರು ನಿಮಿಷದಲ್ಲಿ ಮಾನ ಹೋಯಿತು.

ಅವತ್ತೇ ರಾತ್ರಿ ರೊಟ್ಟಿ ತಿನ್ನುತ್ತಾ ಸರಿ ಮಾಡಿದೆ. ಲಾಗಿನ್ ಪುಟ ಬಂದರೆ ಮತ್ತೆ ಲಾಗಿನ್ ಆಗು, ಆಗಲಿಲ್ಲವಾ, ಮತ್ತೆ ಪ್ರಯತ್ನಿಸು, ಆಗೋವರೆಗೂ ಬಿಡಬೇಡ. ಎಷ್ಟು ಸಲ ಅಂತ ಹೇಳಲಿಲ್ಲ. ಮಧ್ಯೆ ಉಸಿರು ಬಿಡು ಅಂತಲೂ ಹೇಳಲಿಲ್ಲ. ಮಲಗಿದೆ.

ಅತ್ತ ದೊಡ್ಡಪ್ಪ ಸುಮ್ಮನಿರಲಿಲ್ಲ. 2016 ನೋಡಿ ಯಾರೋ ಹ್ಯಾಕ್ ಮಾಡಿದ್ದಾರೆ ಅಂತ ತೀರ್ಮಾನಿಸಿ, ಮೊಮ್ಮಗನನ್ನು ಕೂರಿಸಿಕೊಂಡು ಪಾಸ್‌ವರ್ಡ್ ಬದಲಿಸಿಬಿಟ್ಟಿದ್ದರು. ನನಗೆ ಹೇಳಲಿಲ್ಲ, ಗುಟ್ಟಲ್ವಾ!

ಸ್ಕ್ರಿಪ್ಟಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು. ಹಳೇ ಪಾಸ್‌ವರ್ಡ್ ಹಿಡಿದು ಬಾಗಿಲು ಬಡಿಯಿತು. ಐದನೇ ಸಲಕ್ಕೆ ಸೈಟು ಖಾತೆಗೆ ಬೀಗ ಹಾಕಿತು. ಬೀಗ ಹಾಕಿದ ಬಾಗಿಲನ್ನೂ ಇದು ಬಡಿಯಿತು. ಪ್ರತೀ ಸಲ ಸೈಟಿನಿಂದ ದೊಡ್ಡಪ್ಪನ ನಂಬರಿಗೆ ಒಂದು ಎಸ್ಸೆಮ್ಮೆಸ್ಸು. ನಡುರಾತ್ರಿ ಗುಡುಗು ಸಮೇತ ಮಳೆ ಬಂದು ಕರೆಂಟು ಹೋಗಿ ನನ್ನ ಮನೆಯ ರೂಟರ್ ಆರದಿದ್ದರೆ ಬೆಳಗಿನವರೆಗೂ ಇದೇ ಕಥೆ. ತೋಟಕ್ಕದು ಕಾಫಿ ಹೂ ಅರಳಿಸುವ ಹೂಮಳೆ, ನನಗಂತೂ ಅಮೃತ.

ಅವರ ಮನೆಯೊಳಗೆ ಸಿಗ್ನಲ್ ಇಲ್ಲ. ಬೆಳಿಗ್ಗೆ ಮಳೆ ಎಷ್ಟಾಯಿತು ಅಂತ ನೋಡಲು ಕಣದ ಹತ್ತಿರ ಹೋದಾಗ ಜೇಬು ಟಣಟಣ ಅನ್ನಲು ಶುರುವಾಯಿತಂತೆ, ನಿಲ್ಲಲೇ ಇಲ್ಲವಂತೆ. "ಅರವತ್ತೊಂದು ಕಣೇ! ಎಣಿಸಿದೀನಿ. ಪೊಲೀಸ್ ಸ್ಟೇಷನ್ನಿಗೆ ಹೊರಟಿದೀನಿ, ನೀನೂ ಬಾ, ಇಂಗ್ಲಿಷಲ್ಲಿ ಬರ್ಕೊಡ್ಬೇಕು."

ಕಳ್ಳಿಯೇ ದೂರು ಬರೆದುಕೊಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಹೋಗಲಿಲ್ಲ, ಒಪ್ಪಿಕೊಂಡೆ.

ಭಾನುವಾರ ತೋಟಕ್ಕೇ ಹೋಗಿ ವಿವರಿಸಿದೆ. ಅವರ ನಾಯಿ ಟೈಗರ್ ಸಹಾಯಕ್ಕೆ ಬಂತು. ಗೇಟಿನಲ್ಲಿ ಬೊಗಳುತ್ತದೆ, ದೊಡ್ಡಮ್ಮ "ನಮ್ಮೋಳೇ ಕಣೋ" ಅಂದರೆ ಸುಮ್ಮನಾಗುತ್ತದೆ, ನಾನು ಹಿತ್ತಲಿಗೆ ಹೋಗಿ ಬಂದರೆ ಮತ್ತೆ ಬೊಗಳುತ್ತದೆ. "ಇಂಟರ್ನೆಟ್ಟೂ ಹಿಂಗೇ ದೊಡ್ಡಪ್ಪ, ಅದಕ್ಕೆ ನೆನಪಿಲ್ಲ. ಅದಕ್ಕೇ 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಅನ್ನೋರು ಕುಕೀ ಅಂತ ಒಂದು ಚೀಟಿ ಕಂಡುಹಿಡಿದ್ರು. ಪ್ರತೀ ಸಲ ಆ ಚೀಟಿ ತೋರಿಸ್ಬೇಕು. ಚೀಟಿಗೆ ಟೈಮ್ ಮುಗಿದ್ರೆ ಮತ್ತೆ ಬೊಗಳ್ತದೆ."

"ಟೈಗರ್‌ಗೆ ವಯಸ್ಸಾಗಿದೆ ಪಾಪ," ಅಂದರು ದೊಡ್ಡಪ್ಪ. "ಆ ಸೈಟಿಗೇನಾಗಿದೆ?"

ಅಷ್ಟರಲ್ಲಿ ನಾನು ಕೋಡ್ ಮತ್ತೆ ಬರೆದಿದ್ದೆ, ಹೆಮ್ಮೆಯಿಂದ ತೋರಿಸಿದೆ. ಪುಟದಲ್ಲಿ 'ಲಾಗೌಟ್' ಅನ್ನೋ ಪದ ಇದ್ದರೆ ಮಾತ್ರ ಒಳಗಿದ್ದೇವೆ ಅಂತ ಅರ್ಥ. ಇಲ್ಲದಿದ್ದರೆ ಲಾಗಿನ್ ಪುಟವನ್ನು ಹೊಸದಾಗಿ ತಂದು, ಅದರೊಳಗೆ ಅಡಗಿರುವ ಟೋಕನ್, ಅಂದರೆ ಆ ಪುಟದ ಗುರುತಿನ ಸಂಕೇತವನ್ನೂ ಹೊಸದೇ ತೆಗೆದುಕೊಂಡು, ಒಂದೇ ಒಂದು ಸಲ ಮತ್ತೆ ಲಾಗಿನ್. ಪಾಸ್‌ವರ್ಡ್ ತಪ್ಪು ಅಂದರೆ ಅಲ್ಲಿಗೇ ನಿಲ್ಲಿಸಿ ನನಗೆ ಹೇಳು. ನೆಟ್ ಇಲ್ಲದಿದ್ದರೆ ಒಂದು ನಿಮಿಷ ಕಾಯಿ, ಆಮೇಲೆ ಎರಡು, ನಾಲ್ಕು, ಎಂಟು, ಅಷ್ಟಕ್ಕೂ ಬಾರದಿದ್ದರೆ ಬಿಟ್ಟುಬಿಡು. ರೇಟು ನೆನ್ನೆಯದಕ್ಕಿಂತ ಅರ್ಧಕ್ಕರ್ಧ ಕಡಿಮೆ ಇದ್ದರೆ ದೊಡ್ಡಪ್ಪನಿಗೆ ಮಾತ್ರ ಕಳಿಸಲೇಬೇಡ. ನಲವತ್ತು ಸಾಲು ನೂರೈವತ್ತಾಗಿತ್ತು.

ದೊಡ್ಡಪ್ಪ ಎಲ್ಲಾ ಕೇಳಿ ಕಾಫಿ ಲೋಟ ಕೆಳಗಿಟ್ಟರು. "ಅಲ್ವೇ, ಅವರು ರೇಟು ಹಾಕೋದೇ ದಿನಕ್ಕೊಂದ್ಸಲ, ಹನ್ನೊಂದು ಗಂಟೆಗೆ. ನೀನು ಅರ್ಧ ಗಂಟೆಗೊಂದ್ಸಲ ಹೋಗಿ ಏನ್ ನೋಡ್ತೀಯಾ?"

ಟೈಗರ್ ಕೂಡ ನನ್ನ ಮುಖ ನೋಡಿತು.

ಈಗ ಸ್ಕ್ರಿಪ್ಟು ಹನ್ನೊಂದೂವರೆಗೆ ಒಮ್ಮೆ ಲಾಗಿನ್ ಆಗಿ, ರೇಟು ಓದಿ, ಲಾಗೌಟ್ ಆಗಿ ಬರುತ್ತದೆ. ಸೆಷನ್ ಇರುವುದೇ ನಾಲ್ಕು ಸೆಕೆಂಡು. ಎಂಬತ್ತು ಮೂಟೆ ಇನ್ನೂ ಗೋಡೌನಿನಲ್ಲೇ ಇದೆ, ಇನ್ನೂ ಸ್ವಲ್ಪ ಏರಬೇಕಂತೆ. ಮೊನ್ನೆ ಆಲ್ದೂರಿನಲ್ಲೊಂದು ಮದುವೆ ಊಟಕ್ಕೆ ಕೂತಿದ್ದೆ. ಎದುರು ಸಾಲಿನಲ್ಲಿದ್ದ ಪಕ್ಕದ ತೋಟದವರು ಹೆಂಡತಿಗೆ ನನ್ನನ್ನು ತೋರಿಸಿ, "ಇವಳೇ ಕಣೇ ಆ ಎರಡು ಸಾವಿರದ ಹದಿನಾರು," ಅಂದರು.