ಮೃತಸಂಜೀವಿನಿ ಒಲಿದರೆ ಎಬ್ಬಿಸಬೇಕೇ, ಬಿಡಬೇಕೇ?

ಕರಾವಳಿ, ಮಲೆನಾಡಿನ ಕಡೆ ತಾಳಮದ್ದಲೆಗೆ ‘ಕಚ ದೇವಯಾನಿ’ ಪ್ರಸಂಗ ಇಟ್ಟುಕೊಂಡರೆ ಕೇಳುವವರು ಹೊತ್ತು ಮೀರಿದರೂ ಕದಲುವುದಿಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ವಾದ ಹೂಡುತ್ತಾರೆ. ಹೋದ ವರ್ಷ ಶುಕ್ರಾಚಾರ್ಯನ ಅರ್ಥ ಹೇಳಿದವರು ಈ ವರ್ಷ ಕಚನಾಗಿ ಕೂರುತ್ತಾರೆ. ಎರಡೂ ಸಲ ಮಾತು ಕರುಳಿನಿಂದಲೇ ಬರುತ್ತದೆ. ಆ ಪದ್ಧತಿಯ ಬಲದ ಮೇಲೆ ಇಲ್ಲಿ ಎರಡೂ ಕಡೆಯ ಅರ್ಥವನ್ನು ನಾನೇ ಹೇಳುತ್ತಿದ್ದೇನೆ.

ಕಥೆ ಮಹಾಭಾರತದ ಆದಿಪರ್ವದ್ದು. ದೇವತೆಗಳೊಡನೆ ಕಾದಾಡಿ ಸತ್ತ ದಾನವರನ್ನೆಲ್ಲ ಅವರ ಗುರು ಶುಕ್ರ ಮೃತಸಂಜೀವಿನಿ ಎಂಬ ತನ್ನ ವಿದ್ಯೆಯಿಂದ ಎಬ್ಬಿಸುತ್ತಿದ್ದ. ದೇವತೆಗಳ ಗುರು ಬೃಹಸ್ಪತಿಗೆ ಆ ವಿದ್ಯೆ ಗೊತ್ತಿರಲಿಲ್ಲ. ಅವನ ಮಗ ಕಚ, ಸಾವಿರ ವರ್ಷದ ಬ್ರಹ್ಮಚರ್ಯದ ಮಾತು ಕೊಟ್ಟು ಶುಕ್ರನಿಗೆ ಶಿಷ್ಯನಾದ. ಐನೂರು ವರ್ಷ ಕಳೆದ ಮೇಲೆ ದಾನವರಿಗೆ ಅವನು ಬಂದ ಕಾರಣ ಹೊಳೆಯಿತು. ದನ ಕಾಯುತ್ತಿದ್ದವನನ್ನು ಕೊಂದು ತೋಳಗಳಿಗೆ ಹಾಕಿದರು. ಶುಕ್ರನ ಮಗಳು ದೇವಯಾನಿ ಅತ್ತಳು, ಶುಕ್ರ ಕರೆದ, ಕಚ ಎದ್ದು ಬಂದ. ಇನ್ನೊಮ್ಮೆ ಕೊಂದರು, ಇನ್ನೊಮ್ಮೆ ಎದ್ದ. ಮೂರನೆಯ ಸಲ ಸುಟ್ಟು, ಬೂದಿಯನ್ನು ಮದ್ಯದಲ್ಲಿ ಕದಡಿ ಗುರುವಿಗೇ ಕುಡಿಸಿದರು. ಇನ್ನು ಕಚ ಹೊರಬರಬೇಕಾದರೆ ಗುರುವಿನ ಹೊಟ್ಟೆ ಸೀಳಬೇಕು. ಶುಕ್ರ ಹೊಟ್ಟೆಯೊಳಗಿದ್ದ ಶಿಷ್ಯನಿಗೆ ಅಲ್ಲಿಯೇ ವಿದ್ಯೆ ಉಪದೇಶಿಸಿದ. ಕಚ ಹೊರಬಂದ, ಸತ್ತು ಬಿದ್ದಿದ್ದ ಗುರುವನ್ನು ಅದೇ ವಿದ್ಯೆಯಿಂದ ಎಬ್ಬಿಸಿದ.

ಇಂಥ ವಿದ್ಯೆ ಒಬ್ಬ ಮನುಷ್ಯನಿಗೆ ಒಲಿಯಿತು ಎಂದುಕೊಳ್ಳೋಣ. ಅವನು ಏನು ಮಾಡಬೇಕು?

ಪರ: ಎಬ್ಬಿಸಲೇಬೇಕು

ಹೆಣದ ಮುಂದೆ ಕೂತವನಿಗೆ ಎಬ್ಬಿಸುವ ಮಂತ್ರ ಗೊತ್ತು. ಆದರೂ ಅವನು ಬಾಯಿ ಬಿಡುವುದಿಲ್ಲ. ಅವನನ್ನು ಏನೆಂದು ಕರೆಯೋಣ? ಯಮನ ಲೆಕ್ಕಕ್ಕೆ ಕೈ ಹಾಕಬಾರದೆಂಬ ವಿನಯವಂತ ಎಂದೋ? ನನಗೆ ಹಾಗೆ ಕರೆಯಲು ಬಾಯಿ ಬಾರದು. ಹಾವು ಕಚ್ಚಿದವನಿಗೆ ಔಷಧಿ ಕೈಯಲ್ಲಿಟ್ಟುಕೊಂಡು ಕೊಡದೆ ಕೂತವನಿಗೂ ಇವನಿಗೂ ಏನು ವ್ಯತ್ಯಾಸ? ಉಸಿರು ನಿಲ್ಲುವ ಮೊದಲು ಬದುಕಿಸಿದರೆ ಪುಣ್ಯ, ನಿಂತ ಮೇಲೆ ಬದುಕಿಸಿದರೆ ಅಪಚಾರ ಎನ್ನುವವರು ಆ ಗೆರೆ ಎಲ್ಲಿದೆ ಎಂದು ತೋರಿಸಲಿ. ನಮ್ಮ ಅಜ್ಜಂದಿರ ಕಾಲದಲ್ಲಿ ಎದೆಬಡಿತ ನಿಂತರೆ ಚಟ್ಟಕ್ಕೆ ಬಿದಿರು ಕಡಿಯಲು ಹೊರಡುತ್ತಿದ್ದರು. 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯಸಂಸ್ಥೆಯ ಮೂವರು, ಎದೆ ಸೀಳದೆ ಹೊರಗಿನಿಂದ ಒತ್ತಿಯೇ ರಕ್ತ ಹರಿಯುವಂತೆ ಮಾಡಬಹುದೆಂದು ಪ್ರಕಟಿಸಿದರು. ಇವತ್ತು ಆ ಒತ್ತುವಿಕೆಯನ್ನು ಶಾಲಾ ಮಕ್ಕಳೂ ಕಲಿಯುತ್ತಾರೆ. ಅಂದಿನ ಗೆರೆಯ ಆಚೆ ಬಿದ್ದವರು ಇಂದು ಈಚೆಗೆ ಎದ್ದು ಬಂದು ಕಾಫಿ ಕೇಳುತ್ತಾರೆ. ಗೆರೆ ದೇವರು ಎಳೆದದ್ದಾಗಿದ್ದರೆ ಹೀಗೆ ಸರಿಯುತ್ತಿರಲಿಲ್ಲ.

ಸಂಜೀವಿನಿ ಪಕ್ಷಪಾತಿ ಎಂಬ ಆಪಾದನೆಯೊಂದಿದೆ. ಅದಕ್ಕೆ ರಾಮಾಯಣದ ಯುದ್ಧಕಾಂಡದಲ್ಲಿ ಒಂದು ಉತ್ತರವಿದೆ. ಅಷ್ಟಾಗಿ ಯಾರೂ ಎತ್ತಿ ಹೇಳುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಇಂದ್ರಜಿತುವಿನ ಬ್ರಹ್ಮಾಸ್ತ್ರಕ್ಕೆ ವಾನರ ಸೇನೆಯೇ ಉರುಳಿದಾಗ ಹನುಮಂತ ಓಷಧಿಯ ಬೆಟ್ಟವನ್ನೇ ಹೊತ್ತು ತಂದ. ಮೃತಸಂಜೀವನಿ, ವಿಶಲ್ಯಕರಣಿ, ಸಾವರ್ಣ್ಯಕರಣಿ, ಸಂಧಾನಕರಣಿ ಎಂಬ ನಾಲ್ಕು ಮೂಲಿಕೆಗಳು. ಅವುಗಳ ಗಾಳಿ ಸೋಕಿದ್ದೇ ಸತ್ತಿದ್ದ ವಾನರರು ನಿದ್ದೆಯಿಂದ ಎದ್ದವರಂತೆ ಎದ್ದರು. ಹಾಗಾದರೆ ಅದೇ ರಣದಲ್ಲಿ ಸತ್ತ ರಾಕ್ಷಸರು ಯಾಕೆ ಏಳಲಿಲ್ಲ? ವಾಲ್ಮೀಕಿ ಕಾರಣ ಹೇಳುತ್ತಾನೆ: ಎಷ್ಟು ಜನ ಸತ್ತರೆಂಬುದು ಹೊರಗೆ ತಿಳಿದರೆ ಮಾನ ಹೋದೀತೆಂದು ರಾವಣ ತನ್ನವರ ಹೆಣಗಳನ್ನೆಲ್ಲ ಕೂಡಲೇ ಸಮುದ್ರಕ್ಕೆ ಎಸೆಸುತ್ತಿದ್ದ. ಮೂಲಿಕೆಯ ಗಾಳಿಗೆ ವಾನರ, ರಾಕ್ಷಸ ಎಂಬ ಭೇದವಿರಲಿಲ್ಲ. ಆ ಹೆಣಗಳು ದಡದಲ್ಲಿದ್ದಿದ್ದರೆ ಅವೂ ಏಳುತ್ತಿದ್ದವು. ಕೇಡು ಇದ್ದದ್ದು ಒಬ್ಬ ರಾಜನ ಒಣ ಮಾನದಲ್ಲಿ. ಅದನ್ನು ಮೂಲಿಕೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಶುಕ್ರನ ತಪ್ಪು ಎಬ್ಬಿಸಿದ್ದರಲ್ಲಿಲ್ಲ, ಒಬ್ಬನೇ ಇಟ್ಟುಕೊಂಡದ್ದರಲ್ಲಿದೆ. ಇದಕ್ಕೆ ಪುರಾಣದ ಆಚೆಗೂ ಸಾಕ್ಷಿ ಉಂಟು. ಅದೇ 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯ, ತೋಳಿನ ಅಪಧಮನಿಗೂ ಅಭಿಧಮನಿಗೂ ನಡುವೆ ಟೆಫ್ಲಾನಿನ ಒಂದು ಪುಟ್ಟ ಕೊಳವೆಯನ್ನು ಕಾಯಂ ಆಗಿ ಕೂರಿಸಿದ. ಅಲ್ಲಿಯತನಕ ಯಂತ್ರದಿಂದ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್‌ಗೆ ಪ್ರತಿ ಸಲವೂ ಹೊಸದಾಗಿ ರಕ್ತನಾಳ ಕೊಯ್ಯಬೇಕಾಗಿದ್ದರಿಂದ, ಮೂತ್ರಪಿಂಡ ಪೂರ್ತಿ ಕೆಟ್ಟವರಿಗೆ ಸಾವೇ ಗತಿಯಾಗಿತ್ತು. ಕೊಳವೆ ಬಂದ ಮೇಲೆ ಅವರು ವರ್ಷಗಟ್ಟಲೆ ಬದುಕತೊಡಗಿದರು. ಆದರೆ ಯಂತ್ರಗಳು ಬೆರಳೆಣಿಕೆಯಷ್ಟು, ಬೇಕಾದವರು ಅಸಂಖ್ಯ. 1962ರ ಹೊತ್ತಿಗೆ ಅಲ್ಲಿ ಯಾರಿಗೆ ಯಂತ್ರ ಕೊಡಬೇಕೆಂದು ತೀರ್ಮಾನಿಸಲು ಏಳು ಜನರ ಸಮಿತಿಯೇ ಕೂತಿತು. ಒಬ್ಬ ಪಾದ್ರಿ, ಒಬ್ಬ ವಕೀಲ, ಒಬ್ಬ ಗೃಹಿಣಿ, ಒಬ್ಬ ಕಾರ್ಮಿಕ ಮುಖಂಡ, ಹೀಗೆ. ಜನ ಅದನ್ನು ದೇವರ ಸಮಿತಿ ಎಂದೇ ಕರೆದರು. ಆ ಸುದ್ದಿ ಓದಿದವರಿಗೆ ಮೈ ಜುಮ್ಮೆಂದಿತು, ಅನ್ನಬೇಕಾದ್ದೇ. ಆದರೆ ಯಂತ್ರವನ್ನೇ ಒಡೆದು ಹಾಕೋಣ ಎಂಬ ದಾರಿಯನ್ನು ಆ ದೇಶ ಹಿಡಿಯಲಿಲ್ಲ. 1972ರಲ್ಲಿ ಅಮೆರಿಕದ ಸಂಸತ್ತು ಮೂತ್ರಪಿಂಡ ವೈಫಲ್ಯದ ಬಹುಪಾಲು ರೋಗಿಗಳ ವೆಚ್ಚವನ್ನು ಸರ್ಕಾರವೇ ಹೊರುವಂತೆ ಕಾನೂನು ಮಾಡಿತು. ವಿದ್ಯೆ ಹರಡಿತು, ಸಮಿತಿಗೆ ಕೆಲಸವಿಲ್ಲವಾಯಿತು.

ಕಚನೂ ಕೊನೆಗೆ ಆಡುವುದು ಇದೇ ಮಾತನ್ನು. ಮದುವೆಯಾಗೆಂದು ದೇವಯಾನಿ ಕೇಳುತ್ತಾಳೆ. ನೀನು ಗುರುಪುತ್ರಿ, ನಾನೂ ನಿನ್ನ ತಂದೆಯ ಹೊಟ್ಟೆಯಿಂದಲೇ ಬಂದವನು, ನಾವು ಒಡಹುಟ್ಟಿದವರಾದೆವು ಎಂದು ಕಚ ಒಲ್ಲೆನೆನ್ನುತ್ತಾನೆ. ನಿನ್ನ ವಿದ್ಯೆ ನಿನಗೆ ಫಲಿಸದಿರಲಿ ಎಂದು ಅವಳು ಶಪಿಸುತ್ತಾಳೆ. ನನಗೆ ಫಲಿಸದಿದ್ದರೆ ಬೇಡ, ನಾನು ಯಾರಿಗೆ ಕಲಿಸುತ್ತೇನೋ ಅವರಿಗೆ ಫಲಿಸುತ್ತದೆ ಎನ್ನುತ್ತಾನೆ ಕಚ. ಕಲಿತ ವಿದ್ಯೆ ತನಗೇ ಉಪಯೋಗಕ್ಕೆ ಬಾರದೆಂದು ಗೊತ್ತಾದ ಮೇಲೂ ಅದನ್ನು ಹೊತ್ತುಕೊಂಡು ಹೋಗುತ್ತಾನಲ್ಲ, ಅಲ್ಲಿ ನನಗೆ ಪ್ರತಿ ಸಲವೂ ಕಣ್ಣು ತುಂಬುತ್ತದೆ.

ನಮ್ಮ ಚಿಕ್ಕಪ್ಪನ ಎರಡೂ ಮೂತ್ರಪಿಂಡ ಕೆಟ್ಟಾಗ ಅವರಿಗೆ ಐವತ್ತೆಂಟು. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಯಂತ್ರದ ಪಕ್ಕ ನಾಲ್ಕು ತಾಸು ಮಲಗಿ ಬರುತ್ತಿದ್ದರು. ಬಡವರಿಗೆ ಇದನ್ನು ಉಚಿತವಾಗಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2016ರ ಬಜೆಟ್ಟಿನಲ್ಲಿ ಘೋಷಿಸಿದ್ದರಿಂದ ಅವರ ಅಕ್ಕಪಕ್ಕದ ಮಂಚಗಳಲ್ಲಿ ಕೂಲಿಯವರೂ ಇದ್ದರು. ಮೊದಲ ವರ್ಷವೇ ಚಿಕ್ಕಪ್ಪ ಕೆಳಗಿನ ಬಯಲಿನಲ್ಲಿ ಅಡಿಕೆ ಸಸಿ ನೆಡಿಸಿದರು. ಅಡಿಕೆ ಫಲ ಕೊಡಲು ಐದಾರು ವರ್ಷ ಬೇಕು. ಊರಿನವರು ಎದುರಿಗೆ ಏನೂ ಅನ್ನಲಿಲ್ಲ, ಹಿಂದಿನಿಂದ ಮುಖ ನೋಡಿಕೊಂಡರು. ಆರನೆಯ ವರ್ಷ ಅಡಿಕೆಯ ಹೂಗೊನೆ, ಹಿಂಗಾರ, ಒಡೆದಾಗ ಚಿಕ್ಕಪ್ಪ ಮರದ ಬುಡದಲ್ಲಿ ನಿಂತು ನೋಡಿದರು. ಆ ಆರು ವರ್ಷ ಅಪಚಾರ ಎನ್ನುವವರೊಡನೆ ನನಗೆ ಮಾತಿಲ್ಲ.

ವಿರೋಧ: ಬಿಡಬೇಕು

ಶುಕ್ರ ಎಬ್ಬಿಸಿದ ದಾನವರ ಹೆಸರು ಹೇಳಿ ನೋಡೋಣ. ಆ ಕಥೆಯಲ್ಲಿ ಒಬ್ಬನ ಹೆಸರೂ ಇಲ್ಲ. ಅವರನ್ನು ಎಬ್ಬಿಸಿದ್ದು ಅವರ ತಾಯಂದಿರ ಅಳುವಿಗಾಗಿಯಲ್ಲ, ನಾಳೆಯ ಕಾಳಗಕ್ಕೆ ಆಳು ಬೇಕಾಗಿತ್ತು. ನಿನ್ನೆ ಕತ್ತಿಯ ಗಾಯದಿಂದ ಸತ್ತವನು ಇವತ್ತು ಎದ್ದು ಮತ್ತದೇ ಕತ್ತಿಯ ಮುಂದೆ ನಿಲ್ಲಬೇಕು. ಸಾವು ಕ್ರೂರವಾದರೂ ಯುದ್ಧವನ್ನು ನಿಲ್ಲಿಸುವ ಒಂದು ಗುಣ ಅದಕ್ಕಿತ್ತು. ಆಳು ತೀರಿದರೆ ರಾಜರು ಮಾತುಕತೆಗೆ ಬರುತ್ತಾರೆ. ಸಂಜೀವಿನಿ ಆ ಬಾಗಿಲನ್ನೂ ಮುಚ್ಚಿತು. ಶಿವಪುರಾಣದಲ್ಲಿ ಅಂಧಕನ ಯುದ್ಧ ಮುಗಿಯದೆ ಹೋದಾಗ, ಶಿವ ಸತ್ತವರ ಗೊಡವೆಗೆ ಹೋಗದೆ ಎಬ್ಬಿಸುತ್ತಿದ್ದ ಶುಕ್ರನನ್ನೇ ನುಂಗಿಬಿಟ್ಟ.

ಹೆಸರಿರುವುದು ಕಚನಿಗೆ. ಯಾಕೆಂದರೆ ಅವನಿಗಾಗಿ ಅತ್ತವಳು ಮಂತ್ರ ಬಲ್ಲವನ ಮಗಳು. ದನಗಳು ಕಾಯುವವನಿಲ್ಲದೆ ಬಂದವು, ಅಗ್ನಿಹೋತ್ರವಾಯಿತು, ಸೂರ್ಯ ಮುಳುಗಿದ, ಕಚ ಬರಲಿಲ್ಲ ಅಪ್ಪ, ಅವನಿಲ್ಲದೆ ನಾನು ಬದುಕುವುದಿಲ್ಲ ಎನ್ನುತ್ತಾಳೆ. ಎಂಥ ಕಲ್ಲುಮನಸ್ಸೂ ಕರಗುವ ಮಾತು, ನಿಜ. ಆದರೆ ಅದೇ ಸಂಜೆ ಎಷ್ಟು ಮನೆಗಳಿಗೆ ಎಷ್ಟು ಜನ ಬರಲಿಲ್ಲವೋ! ಅವರ ಹೆಣ್ಣುಮಕ್ಕಳ ಅಪ್ಪಂದಿರು ಶುಕ್ರಾಚಾರ್ಯರಾಗಿರಲಿಲ್ಲ. ಮೂಲಿಕೆಯ ಗಾಳಿ ಭೇದ ಮಾಡುವುದಿಲ್ಲ ಎಂದು ಪರದಲ್ಲಿ ವಾದಿಸಿದೆ, ಒಪ್ಪುತ್ತೇನೆ. ಆದರೆ ಅದೇ ಯುದ್ಧಕಾಂಡದ ಕೊನೆಗೆ ಇಂದ್ರ ವರ ಕೇಳು ಎಂದಾಗ ರಾಮ ಕೇಳಿದ್ದು ತನಗಾಗಿ ಪ್ರಾಣ ಬಿಟ್ಟ ವಾನರರು ಏಳಲಿ ಎಂದು. ವಾನರರು ಎದ್ದರು. ಮಂಡೋದರಿಯ ಕಡೆಯವರು ಏಳಲಿಲ್ಲ. ಈ ಸಲ ಹೆಣ ಸಮುದ್ರಕ್ಕೆ ಬಿದ್ದಿತ್ತೆಂಬ ಸಮಾಧಾನವನ್ನು ಕವಿ ಹೇಳುವುದಿಲ್ಲ. ರಾಮನಂಥ ರಾಮನೂ ಬದುಕಿಸುವ ಅವಕಾಶ ಬಂದಾಗ ತನ್ನವರನ್ನೇ ನೆನೆದ. ಮಿಕ್ಕವರ ಪಾಡೇನು?

ಇನ್ನು ಬೆಲೆ. ತೋಳಗಳ ಹೊಟ್ಟೆ ಸೇರಿದ್ದ ಕಚ ಅವುಗಳ ಮೈ ಸೀಳಿಕೊಂಡು ಹೊರಬಂದ. ತಾಳಮದ್ದಲೆಯಲ್ಲಿ ಆ ತೋಳಗಳ ಪರ ಅರ್ಥ ಹೇಳಿದವರನ್ನು ನಾನು ಕಂಡಿಲ್ಲ. ಹಾಕಿದ್ದನ್ನು ತಿಂದ ಪ್ರಾಣಿಗಳು ಅವು, ಅವುಗಳ ತಪ್ಪೇನಿತ್ತು? ಮೂರನೆಯ ಸಲ ಸೀಳಿಕೊಂಡದ್ದು ಗುರುವಿನ ಹೊಟ್ಟೆ. ಒಂದು ಉಸಿರು ಹಿಂದಕ್ಕೆ ಬರಬೇಕಾದರೆ ಇನ್ನೊಂದು ಮೈ ದಾರಿ ಬಿಡಬೇಕು, ಇದನ್ನು ಕಥೆ ಎರಡು ಸಲ ತೋರಿಸುತ್ತದೆ. ಕೊಲ್ಲುವವರ ಮನಸ್ಸು ಏನಾಯಿತೆಂದೂ ನೋಡಿ. ಸತ್ತವನು ಏಳುತ್ತಾನೆಂದು ಗೊತ್ತಾದ ಮೇಲೆ ದಾನವರು ಕೊಲ್ಲುವುದನ್ನು ಬಿಟ್ಟರೇ? ಹೆಚ್ಚು ಹೆಚ್ಚು ಹೇಸಿಗೆಯ ಕೊಲೆ ಕಲಿತರು. ಶುಕ್ರನಿಗೇ ಇದು ಅರಿವಾಗಿತ್ತು. ಮೂರನೆಯ ಸಲ ಅವನು ಮಗಳಿಗೆ ಹೇಳುತ್ತಾನೆ: ಅಳಬೇಡ, ವಿದ್ಯೆಯಿಂದ ಬದುಕಿಸಿದರೂ ಮತ್ತೆ ಕೊಲ್ಲುತ್ತಾರೆ, ನಾನೇನು ಮಾಡಲಿ? ಇಡೀ ಪ್ರಸಂಗದಲ್ಲಿ ವಿದ್ಯೆಯ ಒಡೆಯ ಆಡುವ ನಿಜವಾದ ಮಾತು ಅದು. ಭಾಗವತರು ಅಲ್ಲೊಂದು ನಿಧಾನದ ಪದ ಕೊಟ್ಟು ನಿಲ್ಲಿಸಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಎಲ್ಲಕ್ಕಿಂತ ದೊಡ್ಡದು, ಸತ್ತವನನ್ನು ಯಾರೂ ಕೇಳುವುದಿಲ್ಲ. ಆ ದಾನವನಿಗೆ ಏಳುವುದು ಬೇಕಿತ್ತೋ ಬೇಡವಾಗಿತ್ತೋ? ಹಾಗಾಗಿ ಮಹಾಭಾರತದಲ್ಲೇ ಇರುವ ಇನ್ನೊಂದು ಶಕ್ತಿ ನನಗೆ ಶುಕ್ರನ ವಿದ್ಯೆಗಿಂತ ಮೇಲೆನಿಸುತ್ತದೆ. ಶಂತನು ಭೀಷ್ಮನಿಗೆ ಕೊಟ್ಟದ್ದು ಇಚ್ಛಾಮರಣದ ವರ. ಅದು ಬೇರೆಯವರ ಪ್ರಾಣದ ಮೇಲಿನ ಅಧಿಕಾರವಲ್ಲ, ತನ್ನದರ ಮೇಲಿನದು. ಶರಶಯ್ಯೆಯಲ್ಲಿ ಐವತ್ತೆಂಟು ರಾತ್ರಿ ಮಲಗಿದ್ದು ಉತ್ತರಾಯಣ ಬಂದ ಮೇಲೆ ಅವನೇ ಹೊರಟ. ಯಾರೂ ಹಿಡಿದೆಳೆಯಲಿಲ್ಲ, ಯಾರೂ ದೂಡಲೂ ಇಲ್ಲ. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2018ರ ಮಾರ್ಚ್ 9ರಂದು, ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ತನಗೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಒಪ್ಪಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಭೀಷ್ಮನ ವರದ ಒಂದು ಚೂರು ಈಗ ಕಾಗದದ ಮೇಲೆ ಎಲ್ಲರಿಗೂ ಇದೆ. ಆದರೆ ಆ ಕಾಗದವನ್ನು ಓದಬೇಕಾದವರು ದೇವಯಾನಿಯರು.

ಇದನ್ನು ನಾನು ನಮ್ಮ ಮನೆಯಲ್ಲೇ ಕಂಡೆ. ಏಳನೆಯ ವರ್ಷದ ಮಳೆಗಾಲ. ಚಿಕ್ಕಪ್ಪನಿಗೆ ಯಂತ್ರದಿಂದ ಎದ್ದ ದಿನ ಪೂರ್ತಿ ನಡುಕ, ಮರುದಿನ ಸುಸ್ತು, ಅದರ ಮರುದಿನ ಮತ್ತೆ ಹೊರಡುವ ಚಿಂತೆ. ತೋಳಿನಲ್ಲಿ ಸೂಜಿ ಚುಚ್ಚಲು ಜಾಗ ಹುಡುಕಬೇಕಾಗಿತ್ತು. ಒಂದು ಸೋಮವಾರ ರಾತ್ರಿ ಊಟಕ್ಕೆ ಕೂತಾಗ ಅನ್ನವನ್ನು ಬೆರಳಿನಿಂದ ಬದಿಗೆ ಸರಿಸುತ್ತಾ, ‘ಇನ್ನು ಸಾಕು ಮಾರಾಯ’ ಎಂದರು. ನನಗೇ ಹೇಳಿದ್ದು. ನಾನು ಕೇಳಿಸದವನಂತೆ ಸಾರು ಬಡಿಸಿದೆ. ಚಿಕ್ಕಮ್ಮ ಅತ್ತಳು. ತಂಗಿ ಬೆಂಗಳೂರಿನಿಂದ ಫೋನಿನಲ್ಲೇ ಅತ್ತಳು. ಅಳುವಿಗೆ ಎದುರಾಡುವ ಶಕ್ತಿ ಚಿಕ್ಕಪ್ಪನಲ್ಲಿ ಉಳಿದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಆರೂವರೆಗೆ ನಾವೇ ಹಿಡಿದು ಕಾರಿಗೆ ಹತ್ತಿಸಿದೆವು. ಮಳೆ ಹೊಳವಾಗಿತ್ತು. ಕಾರು ಕೆಳಗಿನ ಬಯಲು ದಾಟುವಾಗ ಅವರು ಗಾಜು ಇಳಿಸಿದರು, ತೋಟದ ಕಡೆ ಮುಖ ಮಾಡಿದರು. ‘ಇವತ್ತು ಅಲ್ಲಿಗೊಮ್ಮೆ ಹೋಗುವ ಅಂತಿದ್ದೆ’ ಎಂದರು.