ಸ್ಕೋಪ್ ಇರುವುದು ಕಣ್ಣಿಗೆ, ಗುಂಡಿಗಲ್ಲ

ನಿನ್ನೆ ರಾತ್ರಿ ಕೌಂಟರ್ ಸ್ಟ್ರೈಕ್ 1.6 ಅನ್ನುವ ಶೂಟಿಂಗ್ ಆಟದ ಒಂದು ಮಾಡ್ ಸರ್ವರಿಗೆ ಹೋಗಿದ್ದೆ. ಮಾಡ್ ಅಂದರೆ ಆಟಗಾರರೇ ಬದಲಾಯಿಸಿಕೊಂಡ ಆಟ. ಎಲ್ಲ ಗನ್ನಿಗೂ ಸ್ಕೋಪ್ ಕೊಟ್ಟಿದ್ದಾರೆ, ಪಿಸ್ತೂಲಿಗೂ ಸಹ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಜೂಮ್ ಒತ್ತಿದ ಕೂಡಲೇ ಗುಂಡು ದಾರ ಹಿಡಿದ ಹಾಗೆ ನೆಟ್ಟಗೆ ಹೋಗುತ್ತದೆ. ಓಡುತ್ತಾ ಹೊಡೆದರೂ ಅಷ್ಟೇ, ಹಾರುತ್ತಾ ಹೊಡೆದರೂ ಅಷ್ಟೇ. ಅರ್ಧ ಗಂಟೆಯಲ್ಲಿ ಎಲ್ಲರೂ ಒಂದೊಂದು ಮೂಲೆ ಹಿಡಿದು ಜೂಮ್ ಮಾಡಿಕೊಂಡು ಕೂತುಬಿಟ್ಟರು. ನನಗೆ ನಿಜವಾಗಿ ಬೇಸರವಾಯಿತು.

ಜೂಮ್ ಅಂದರೆ ಏನು? ನೋಟದ ಕೋನ ಕಿರಿದಾಗುವುದು, ಅಷ್ಟೇ. 1.6ರಲ್ಲಿ ಸುಮ್ನೆ ನಿಂತಾಗ 90 ಡಿಗ್ರಿ. ಎಡಬ್ಲ್ಯೂಪಿ ಅನ್ನುವ ಸ್ನೈಪರ್ ಗನ್ನಿನಲ್ಲಿ ಒಂದು ಸಲ ಜೂಮ್ ಮಾಡಿದರೆ 40, ಇನ್ನೊಂದು ಸಲ ಮಾಡಿದರೆ 10. ದೂರದ ತಲೆ ದೊಡ್ಡದಾಗಿ ಕಾಣುತ್ತದೆ, ಮೌಸ್ ನಿಧಾನವಾಗುತ್ತದೆ, ಹಾಗಾಗಿ ಕೈ ಸ್ವಲ್ಪ ನಡುಗಿದರೂ ಗುರಿ ಜಾಸ್ತಿ ಜಾರುವುದಿಲ್ಲ. ಈ ಲಾಭ ನ್ಯಾಯವಾದದ್ದು, ಕಣ್ಣು ಮತ್ತು ಕೈ ಸೇರಿ ಗಳಿಸಿದ್ದು. ಗುಂಡು ಗುರಿಯಿಂದ ಆಚೀಚೆ ಎಷ್ಟು ಚದುರಬೇಕು ಅನ್ನುವ ಲೆಕ್ಕವೇ ಬೇರೆ.

ಇದನ್ನು ನೋಡಬೇಕಾ? ಮಾಡ್ ಇಲ್ಲದ ಹಳೆ 1.6ರಲ್ಲಿ ಸ್ಕೋಪ್ ಇರುವ ಆಗ್ (AUG) ರೈಫಲ್ ತಗೊಳ್ಳಿ. ಡಸ್ಟ್2 ಮ್ಯಾಪಿನಲ್ಲಿ ಒಂದು ಗೋಡೆ ಮುಂದೆ ಅಲ್ಲಾಡದೆ ನಿಂತು, ಬಿಟ್ಟು ಬಿಟ್ಟು ಹತ್ತು ಗುಂಡು ಹೊಡೆಯಿರಿ. ಆಮೇಲೆ ಅಲ್ಲೇ ನಿಂತು, ಸ್ವಲ್ಪ ಪಕ್ಕಕ್ಕೆ ಗುರಿ ಇಟ್ಟು, ಜೂಮ್ ಮಾಡಿ ಇನ್ನು ಹತ್ತು. ನಾನು ಹಾಗೆ ಮಾಡಿ ಗೋಡೆಯ ಹತ್ತಿರ ಹೋಗಿ ನೋಡಿದೆ. ಎರಡು ಕಡೆಯೂ ತೂತುಗಳ ಗುಂಪು ಹೆಚ್ಚುಕಮ್ಮಿ ಅಂಗೈ ಅಗಲದ್ದೇ. ಜೂಮಿನಲ್ಲಿ ಬದಲಾಗಿದ್ದು ಒಂದರ ಹಿಂದೊಂದು ಗುಂಡು ಹೊರಡುವ ವೇಗ ಮಾತ್ರ, ಅದೂ ನಿಧಾನ ಆಗಿತ್ತು.

ಹಾಗಾದರೆ ಎಡಬ್ಲ್ಯೂಪಿ? ಹೌದು, ಅಲ್ಲಿ ಜೂಮ್ ಇಲ್ಲದೆ ಹೊಡೆದರೆ ಚದುರುವಿಕೆಗೆ 0.08 ಸೇರುತ್ತದೆ. ಅಂದರೆ ಹತ್ತು ಮೀಟರ್ ದೂರಕ್ಕೆ ಗುಂಡು 80 ಸೆಂಟಿಮೀಟರ್‌ವರೆಗೂ ಪಕ್ಕಕ್ಕೆ ಹೋಗಬಹುದು. ಎದೆಗೆ ಬಿದ್ದರೆ ಒಂದೇ ಗುಂಡಿಗೆ ಮುಗಿಸುವ ಗನ್ ಅದು. ಜೂಮ್ ಮಾಡಿದರೆ ನಡಿಗೆಯ ವೇಗವೂ 210ರಿಂದ 150ಕ್ಕೆ ಇಳಿಯುತ್ತದೆ. ಗುರಿ ಬೇಕು ಅಂದರೆ ಕಾಲು ಕಟ್ಟಿಕೊಳ್ಳಬೇಕು. ಬೆಲೆ ಕೊಟ್ಟು ಪಡೆಯುವ ಗುರಿ, ಅದಕ್ಕೇ ನನಗೆ ಅದು ಒಪ್ಪಿಗೆ. ನಿನ್ನೆಯ ಸರ್ವರಿನಲ್ಲಿ ಬೆಲೆಯೇ ಇಲ್ಲ!

2007ರ ಸ್ಟಾಕರ್ ಆಟಕ್ಕೆ ಮಾಡ್ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಗನ್ನಿನ ಫೈಲ್ ತೆಗೆದರೆ ಗುಂಡಿನ ಚದುರುವಿಕೆಗೆ ಒಂದು ಸಾಲು, ಸ್ಕೋಪಿನ ಜೂಮಿಗೆ ಇನ್ನೊಂದು ಸಾಲು. ಚದುರುವಿಕೆ 0.1 ಡಿಗ್ರಿ ಇದ್ದರೆ ನೂರು ಮೀಟರಿಗೆ ಸುಮಾರು 17 ಸೆಂಟಿಮೀಟರ್. ಜೂಮ್ ಎಷ್ಟು ಹೆಚ್ಚಿಸಿದರೂ ಆ 17 ಹಾಗೇ ಇರುತ್ತದೆ, ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ ಅಷ್ಟೇ.

ಕೌಂಟರ್ ಸ್ಟ್ರೈಕ್ ಕೂಡ 1999ರಲ್ಲಿ ಹಾಫ್ ಲೈಫ್ ಆಟದ ಮಾಡ್ ಆಗಿಯೇ ಶುರುವಾಗಿದ್ದು, ಅಲ್ವಾ? ಬೆಂಗಳೂರಿನ ಸೈಬರ್ ಸೆಂಟರುಗಳಲ್ಲಿ ನಾವು ಗಂಟೆಗಟ್ಟಲೆ ಕೂತು ಕಲಿತಿದ್ದೇ ನಿಲ್ಲುವುದು, ಬಗ್ಗುವುದು, ಕಾಯುವುದು. ಮಾಡ್ ಮಾಡುವ ಹುಡುಗರೇ, ಪಿಸ್ತೂಲಿಗೆ ಬೇಕಾದರೆ ಹತ್ತು ಪಟ್ಟು ಜೂಮ್ ಕೊಡಿ. ಚದುರುವಿಕೆಯ ಸಾಲನ್ನು ಮಾತ್ರ ಮುಟ್ಟಬೇಡಿ. ಮುಟ್ಟಿದರೆ ಸರ್ವರಿಗೆ ಬಂದವರಿಗೆ ಮೊದಲೇ ಹೇಳಿ.

ನೀವು ಆಡುವ ಸರ್ವರಿನಲ್ಲಿ ಹೇಗಿದೆ? ಜೂಮ್ ಇಲ್ಲದೆ ಹತ್ತು, ಜೂಮ್ ಮಾಡಿ ಹತ್ತು ಗುಂಡು ಗೋಡೆಗೆ ಹೊಡೆದು ಸ್ಕ್ರೀನ್‌ಶಾಟ್ ಕಾಮೆಂಟಿಗೆ ಹಾಕಿ.